ಸಾಂದರ್ಭಿಕ ಸಾಕ್ಷ್ಯದ ಮೇಲೆ ಕೊಲೆ ಶಿಕ್ಷೆಯಾದಾಗ ಮೇಲ್ಮನವಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸೆಷನ್ಸ್ ನ್ಯಾಯಾಲಯ ಜೀವಾವಧಿ ಶಿಕ್ಷೆ ಓದಿದ ದಿನ ಮನೆಯವರಿಗೆ ಏನೂ ತಲೆಗೆ ಹೋಗಿರುವುದಿಲ್ಲ. ಒಂದೆರಡು ವಾರ ಕಳೆದ ಮೇಲೆ ತೀರ್ಪಿನ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ವಕೀಲರ ಕಚೇರಿಗೆ ಬರುತ್ತಾರೆ. ಅಲ್ಲಿ ಅವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ತೆಗೆದುಕೊಂಡಿದ್ದೇನೆ. 2024ರ ಜುಲೈ 1ರಿಂದ ಕಾನೂನುಗಳ ಹೆಸರು, ಕಲಂ ಸಂಖ್ಯೆ ಎರಡೂ ಬದಲಾಗಿವೆ. ಹಳೆಯ ಪ್ರಕರಣಗಳು ಇನ್ನೂ ಬೇಕಾದಷ್ಟು ನಡೆಯುತ್ತಿರುವುದರಿಂದ ಮುಖ್ಯವಾದ ಕಡೆ ಎರಡು ಸಂಖ್ಯೆಗಳನ್ನೂ ಕೊಟ್ಟಿದ್ದೇನೆ.

ಕೊಲೆ ಮಾಡಿದ್ದನ್ನು ಕಣ್ಣಾರೆ ಕಂಡವರು ಒಬ್ಬರೂ ಇಲ್ಲ. ಆದರೂ ಶಿಕ್ಷೆ ಹೇಗಾಯಿತು?

ಪ್ರತ್ಯಕ್ಷ ಸಾಕ್ಷಿ ಇಲ್ಲದೆಯೂ ಶಿಕ್ಷೆ ಕೊಡಲು ನಮ್ಮ ಕಾನೂನಿನಲ್ಲಿ ಅವಕಾಶವಿದೆ. ಸತ್ತವರ ಜೊತೆ ಕೊನೆಯದಾಗಿ ಕಾಣಿಸಿಕೊಂಡಿದ್ದು, ಹಳೆಯ ದ್ವೇಷ, ಆರೋಪಿ ತೋರಿಸಿದ ಕಡೆ ಸಿಕ್ಕ ಮಚ್ಚು, ಬಟ್ಟೆಯ ಮೇಲಿನ ರಕ್ತ, ಮೊಬೈಲ್ ಕರೆಗಳ ವಿವರ, ಘಟನೆಯಾದ ಮೇಲೆ ಊರು ಬಿಟ್ಟಿದ್ದು, ಇಂಥ ಸಂಗತಿಗಳನ್ನು ಒಂದಕ್ಕೊಂದು ಜೋಡಿಸಿ ‘ಇವನೇ ಮಾಡಿದ್ದು’ ಎಂಬ ತೀರ್ಮಾನಕ್ಕೆ ಬರುವುದೇ ಸಾಂದರ್ಭಿಕ ಸಾಕ್ಷ್ಯ. ನ್ಯಾಯಾಲಯಗಳು ಇದನ್ನು ಸರಪಳಿ ಎನ್ನುತ್ತವೆ.

ಮೇಲ್ಮನವಿಯಲ್ಲಿ ‘ನಮ್ಮ ಹುಡುಗ ಅಂಥವನಲ್ಲ’ ಎಂಬ ಮಾತು ನಿಲ್ಲುವುದಿಲ್ಲ. ಹೇಳುವವರ ಸಂಕಟ ನಿಜ, ಆದರೆ ಅದನ್ನು ತೂಗುವ ತಕ್ಕಡಿ ಅಲ್ಲಿಲ್ಲ. ಒಂದೊಂದು ಕೊಂಡಿಯನ್ನೂ ಕೈಯಲ್ಲಿ ಹಿಡಿದು, ಇದು ಸಾಬೀತಾಗಿದೆಯೇ, ಪಕ್ಕದ ಕೊಂಡಿಗೆ ಸೇರಿಕೊಂಡಿದೆಯೇ ಎಂದು ನೋಡುವುದೇ ಅಲ್ಲಿನ ಕೆಲಸ.

ಸಾಬೀತಾಗಿದೆ ಎನ್ನಲು ಅಳತೆಗೋಲು ಯಾವುದು?

ಪುಣೆಯಲ್ಲಿ 1982ರಲ್ಲಿ ಹೊಸದಾಗಿ ಮದುವೆಯಾದ ಹೆಣ್ಣುಮಗಳೊಬ್ಬಳು ಸೈನೈಡ್‌ನಿಂದ ಸತ್ತಳು. ಗಂಡನಿಗೆ ಕೆಳ ನ್ಯಾಯಾಲಯ ಮರಣದಂಡನೆ ವಿಧಿಸಿತು, ಬಾಂಬೆ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 1984ರಲ್ಲಿ ಸುಪ್ರೀಂ ಕೋರ್ಟ್ ಅವನನ್ನು ಖುಲಾಸೆ ಮಾಡಿತು. ಅದೇ ಶರದ್ ಬಿರ್ಧಿಚಂದ್ ಸಾರ್ದಾ ಪ್ರಕರಣ. ಅದರಲ್ಲಿ ನ್ಯಾಯಮೂರ್ತಿ ಫಜಲ್ ಅಲಿ ಹೇಳಿದ ಐದು ಸೂತ್ರಗಳಿಗೆ ‘ಪಂಚಶೀಲ’ ಎಂದೇ ಹೆಸರು. ಇವತ್ತಿಗೂ ಸಾಂದರ್ಭಿಕ ಸಾಕ್ಷ್ಯದ ವಾದ ಈ ತೀರ್ಪನ್ನು ಬಿಟ್ಟು ನಡೆಯುವುದು ಅಪರೂಪ.

ಸರಳವಾಗಿ ಹೇಳುವುದಾದರೆ, ಪ್ರತಿಯೊಂದು ಸಂಗತಿಯೂ ಪೂರ್ತಿಯಾಗಿ ಸಾಬೀತಾಗಿರಬೇಕು. ಸಾಬೀತಾದ ಸಂಗತಿಗಳು ಆರೋಪಿಯ ತಪ್ಪಿಗೆ ಮಾತ್ರ ಹೊಂದಬೇಕು, ಬೇರೆ ವಿವರಣೆಗೆ ಹೊಂದಬಾರದು. ಅವುಗಳ ಬೆರಳು ಖಚಿತವಾಗಿ ಒಂದೇ ಕಡೆ ತೋರಿಸಬೇಕು. ಬೇರೆ ಎಲ್ಲ ಸಾಧ್ಯತೆಗಳನ್ನೂ ಅವು ತಳ್ಳಿಹಾಕಬೇಕು. ಕೊನೆಗೆ, ಸರಪಳಿ ಎಲ್ಲೂ ಕಡಿಯದೆ, ಆರೋಪಿ ನಿರಪರಾಧಿ ಇರಬಹುದು ಎನ್ನಲು ಸಮಂಜಸವಾದ ಕಾರಣವೇ ಉಳಿಯಬಾರದು.

‘ಇರಬಹುದು’ ಮತ್ತು ‘ಇರಲೇಬೇಕು’ ನಡುವೆ ಬಹಳ ದೂರವಿದೆ ಎಂದು ಸುಪ್ರೀಂ ಕೋರ್ಟ್ 1973ರ ಶಿವಾಜಿ ಸಾಹೇಬರಾವ್ ಬೋಬಡೆ ತೀರ್ಪಿನಲ್ಲಿ ಹೇಳಿತ್ತು. ತೀರ್ಪಿನ ಪ್ರತಿ ಕೈಗೆ ಬಂದಾಗ ಒಂದು ಪೆನ್ಸಿಲ್ ಹಿಡಿದು ಕೂತು ‘ಇರಬಹುದು’, ‘ಸಂಭವವಿದೆ’, ‘ಅನುಮಾನ ಬರುತ್ತದೆ’ ಎಂದು ಬರುವಲ್ಲೆಲ್ಲ ಗೆರೆ ಹಾಕಿ. ಮೇಲ್ಮನವಿಯ ಅರ್ಧ ಕೆಲಸ ಅಲ್ಲೇ ಶುರುವಾಗುತ್ತದೆ.

ಊಹೆ ಎಷ್ಟು ಬಲವಾಗಿದ್ದರೂ ಎಲ್ಲಿಗೆ ಕೊಂಡೊಯ್ಯಬಲ್ಲದು ಎಂಬುದಕ್ಕೆ ನಮ್ಮದೇ ರಾಜ್ಯದ ಉದಾಹರಣೆಯಿದೆ. ಕುಶಾಲನಗರದ ಬಳಿಯ ಒಬ್ಬ ಬಡವ ಹೆಂಡತಿ ಕಾಣೆಯಾಗಿದ್ದಾಳೆಂದು ದೂರು ಕೊಟ್ಟಿದ್ದ. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸಿಕ್ಕ ಅಸ್ಥಿಪಂಜರ ಆಕೆಯದೇ ಎಂದು ಅವನ ಮೇಲೆಯೇ ಕೊಲೆ ಆರೋಪ ಹೊರಿಸಿ ಜೈಲಿಗೆ ಹಾಕಿದರು. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯಲ್ಲಿ ಜೀವಂತವಾಗಿ ಕಾಣಿಸಿಕೊಂಡಳು. ಮೈಸೂರಿನ ನ್ಯಾಯಾಲಯ ಅವನನ್ನು ಖುಲಾಸೆ ಮಾಡಿತು. ವಿಚಾರಣೆ ಇನ್ನೂ ನಡೆಯುತ್ತಿದ್ದ ಕಾರಣ ಅವನು ಉಳಿದುಕೊಂಡ.

ಮೇಲ್ಮನವಿ ಎಲ್ಲಿ, ಎಷ್ಟು ದಿನದೊಳಗೆ?

ಸೆಷನ್ಸ್ ತೀರ್ಪಿನ ವಿರುದ್ಧ ನೇರವಾಗಿ ಹೈಕೋರ್ಟಿಗೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಕಲಂ 374(2), ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಕಲಂ 415(2). ಇದು ಹಕ್ಕು, ಯಾರ ಅನುಮತಿಯೂ ಬೇಕಿಲ್ಲ. ಕರ್ನಾಟಕದಲ್ಲಿ ನಿಮ್ಮ ಜಿಲ್ಲೆ ಯಾವುದು ಎಂಬುದರ ಮೇಲೆ ಬೆಂಗಳೂರಿನ ಪ್ರಧಾನ ಪೀಠ, ಧಾರವಾಡ ಪೀಠ ಅಥವಾ ಕಲಬುರಗಿ ಪೀಠಕ್ಕೆ ಹೋಗುತ್ತದೆ. ಬೆಳಗಾವಿ, ಹಾವೇರಿ, ಉತ್ತರ ಕನ್ನಡದವರು ಧಾರವಾಡಕ್ಕೆ, ಬೀದರ್, ರಾಯಚೂರು, ವಿಜಯಪುರದವರು ಕಲಬುರಗಿಗೆ.

ಜೀವಾವಧಿ ಶಿಕ್ಷೆಯಾದರೆ 60 ದಿನ, ಮರಣದಂಡನೆಯಾದರೆ 30 ದಿನ. ತೀರ್ಪಿನ ದೃಢೀಕೃತ ಪ್ರತಿ ಪಡೆಯಲು ಹಿಡಿದ ದಿನಗಳನ್ನು ಈ ಲೆಕ್ಕದಿಂದ ಬಿಡುತ್ತಾರೆ. ಅವಧಿ ಮೀರಿದ್ದರೂ ಬಾಗಿಲು ಮುಚ್ಚಿತೆಂದು ಕೈಚೆಲ್ಲಬೇಡಿ. ಸರಿಯಾದ ಕಾರಣ ಕೊಟ್ಟು ವಿಳಂಬ ಮನ್ನಿಸುವಂತೆ ಅರ್ಜಿ ಹಾಕಬಹುದು. ಜೈಲಿನಲ್ಲಿರುವವನ ವಿಳಂಬವನ್ನು ಹೈಕೋರ್ಟುಗಳು ಸಾಮಾನ್ಯವಾಗಿ ಸಹಾನುಭೂತಿಯಿಂದಲೇ ನೋಡುತ್ತವೆ. ಮರಣದಂಡನೆಯಾದಲ್ಲಿ ನೀವು ಮೇಲ್ಮನವಿ ಹಾಕಲಿ ಬಿಡಲಿ, ಹೈಕೋರ್ಟ್ ದೃಢೀಕರಿಸುವ ತನಕ ಅದನ್ನು ಜಾರಿ ಮಾಡುವಂತಿಲ್ಲ.

ಹೊಲ ಮಾರಿ ಆಗಿದೆ, ಇನ್ನು ವಕೀಲರಿಗೆ ಕೊಡಲು ಏನೂ ಉಳಿದಿಲ್ಲ. ಏನು ಮಾಡೋದು?

ಉಳಿದದ್ದನ್ನೂ ಮಾರಬೇಡಿ. ಬಂಧನದಲ್ಲಿರುವ ಯಾರಿಗೇ ಆಗಲಿ, ವರಮಾನ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಹೇಳುತ್ತದೆ. ಹೈಕೋರ್ಟಿನಲ್ಲಿ ಇದಕ್ಕೆಂದೇ ಕಾನೂನು ಸೇವೆಗಳ ಸಮಿತಿ ಇದೆ. ಸಹಾಯವಾಣಿ 15100. ಒಳಗಿರುವವರು ಜೈಲಿನ ಅಧಿಕಾರಿಯ ಕೈಗೇ ಮೇಲ್ಮನವಿ ಅರ್ಜಿ ಕೊಡಬಹುದು, ಅವರು ಅದನ್ನು ನ್ಯಾಯಾಲಯಕ್ಕೆ ಕಳಿಸಲೇಬೇಕು. ತೀರ್ಪಿನ ಒಂದು ಪ್ರತಿಯನ್ನು ಶಿಕ್ಷೆಯಾದವನಿಗೆ ಉಚಿತವಾಗಿ ಕೊಡುವುದು ನ್ಯಾಯಾಲಯದ ಕರ್ತವ್ಯ. ಈ ಮಾತನ್ನು 1978ರ ಹೊಸ್ಕೋಟ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒತ್ತಿ ಹೇಳಿದೆ.

ಸರ್ಕಾರ ಕೊಟ್ಟ ವಕೀಲರೆಂದರೆ ಕಾಟಾಚಾರ ಎಂಬ ಭಾವನೆ ಜನರಲ್ಲಿದೆ. ಎಲ್ಲರೂ ಹಾಗಿರುವುದಿಲ್ಲ. ಆದರೆ ಮನೆಯವರು ಅವರ ಫೋನ್ ನಂಬರ್ ಪಡೆದು ಒಮ್ಮೆಯಾದರೂ ಭೇಟಿಯಾಗಬೇಕು. ಕಡತದೊಳಗಿನ ಹೆಸರಿಗೆ ಒಂದು ಮುಖ ಸಿಕ್ಕರೆ ಕೆಲಸದ ರೀತಿಯೇ ಬೇರೆಯಾಗುತ್ತದೆ. ತೃಪ್ತಿಯಾಗದಿದ್ದರೆ ಬೇರೆಯವರನ್ನು ಕೊಡಿ ಎಂದು ಸಮಿತಿಗೆ ಬರೆಯಬಹುದು.

‘ಕೊನೆಯದಾಗಿ ಇವನ ಜೊತೆ ನೋಡಿದೆ’ ಎಂದು ಅಂಗಡಿಯವನು ಹೇಳಿದ್ದಾನೆ. ಅಷ್ಟೇ ಸಾಕೇ?

ಅದೊಂದೇ ಸಾಕಾಗುವುದಿಲ್ಲ. ಜೊತೆಯಲ್ಲಿ ಕಂಡ ಹೊತ್ತಿಗೂ ಹೆಣ ಸಿಕ್ಕ ಹೊತ್ತಿಗೂ ನಡುವಿನ ಅಂತರ ತೀರ ಕಡಿಮೆ ಇದ್ದು, ಮೂರನೆಯವನು ನಡುವೆ ಬರುವ ಸಾಧ್ಯತೆಯೇ ಇಲ್ಲದಿದ್ದರೆ ಮಾತ್ರ ಆ ಕೊಂಡಿಗೆ ಬಲ. ಸೋಮವಾರ ಸಂಜೆ ಜೊತೆಯಲ್ಲಿ ಕಂಡು, ಗುರುವಾರ ಬೆಳಿಗ್ಗೆ ಹೆಣ ಸಿಕ್ಕಿದ್ದರೆ ಮಧ್ಯದ ಎರಡೂವರೆ ದಿನ ಖಾಲಿ ಬಿದ್ದಿದೆ. ಹಾಗಾಗಿ ಮರಣೋತ್ತರ ಪರೀಕ್ಷೆಯ ವರದಿಯಲ್ಲಿ ಸಾವಿನ ಸಮಯದ ಬಗ್ಗೆ ವೈದ್ಯರು ಬರೆದದ್ದು, ಪಾಟೀಸವಾಲಿನಲ್ಲಿ, ಅಂದರೆ ಎದುರು ವಕೀಲರ ಪ್ರಶ್ನೆಗಳಿಗೆ, ಅವರು ಒಪ್ಪಿಕೊಂಡದ್ದು, ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ಆ ಅಂಗಡಿಯವನು ಪೊಲೀಸರಿಗೆ ಹೇಳಿಕೆ ಕೊಟ್ಟದ್ದು ಯಾವಾಗ ಎಂಬುದನ್ನೂ ನೋಡಿ. ಊರೆಲ್ಲ ಹುಡುಕುವಾಗ ಬಾಯಿ ಬಿಡದವನು ಇಪ್ಪತ್ತು ದಿನದ ಮೇಲೆ ‘ನಾನು ನೋಡಿದ್ದೆ’ ಎಂದರೆ, ಯಾಕೆ ಸುಮ್ಮನಿದ್ದ ಎಂಬುದಕ್ಕೆ ದಾಖಲೆಯಲ್ಲಿ ಉತ್ತರ ಇರಬೇಕು.

ಪೊಲೀಸರು ಮಚ್ಚು ವಶಪಡಿಸಿಕೊಂಡ ಮಹಜರನ್ನು ಪ್ರಶ್ನಿಸಬಹುದೇ?

ಪ್ರಶ್ನಿಸಲೇಬೇಕು. ಸಾಂದರ್ಭಿಕ ಸಾಕ್ಷ್ಯದ ಪ್ರಕರಣಗಳಲ್ಲಿ ನಾನು ಮೊದಲು ತೆರೆಯುವ ಹಾಳೆಯೇ ಮಹಜರು, ಅಂದರೆ ವಸ್ತು ವಶಪಡಿಸಿಕೊಂಡಾಗ ಪೊಲೀಸರು ಬರೆಯುವ ದಾಖಲೆ.

ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಗೆ ಬೆಲೆಯಿಲ್ಲ. ಆದರೆ ಆ ಹೇಳಿಕೆಯಿಂದಾಗಿ ಹೊಸದಾಗಿ ಏನಾದರೂ ಪತ್ತೆಯಾದರೆ ಅಷ್ಟು ಭಾಗ ಮಾತ್ರ ಒಳಗೆ ಬರುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯ ಕಲಂ 27 ಅದು, ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಕಲಂ 23ರ ಪರಂತುಕ (ಕಲಮಿಗೆ ಸೇರಿಸಿದ ವಿನಾಯಿತಿ). 2022ರ ಸುಬ್ರಮಣ್ಯ ವಿರುದ್ಧ ಕರ್ನಾಟಕ ರಾಜ್ಯ ತೀರ್ಪನ್ನು ನಮ್ಮ ರಾಜ್ಯದ ಪ್ರತಿ ಮೇಲ್ಮನವಿದಾರನ ವಕೀಲರೂ ಓದಬೇಕು. ಆರೋಪಿ ಆಡಿದ ಮಾತೇ ಸಾಕ್ಷ್ಯದಲ್ಲಿ ಬರಬೇಕು, ಸ್ವತಂತ್ರ ಪಂಚರ (ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕುವವರ) ಎದುರಿಗೆ ಅದನ್ನು ಬರೆದುಕೊಂಡಿರಬೇಕು, ಆಮೇಲೆ ಅವನು ಮುಂದೆ ನಡೆದು ಜಾಗ ತೋರಿಸಿರಬೇಕು ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಬಿಡಿಸಿ ಹೇಳಿ, ಹೈಕೋರ್ಟ್ ಕೊಟ್ಟಿದ್ದ ಶಿಕ್ಷೆಯನ್ನು ರದ್ದುಮಾಡಿತು.

ನಿಮ್ಮ ಕಡತದಲ್ಲಿ ನೋಡಬೇಕಾದ್ದು ಇಷ್ಟು: ಪಂಚರು ಯಾರು, ಅದೇ ಠಾಣೆಯ ಬೇರೆ ಪ್ರಕರಣಗಳಲ್ಲೂ ಅವರೇ ಸಹಿ ಹಾಕಿದ್ದಾರೆಯೇ? ‘ಠಾಣೆಗೆ ಕರೆಸಿ ಸಹಿ ಹಾಕಿಸಿಕೊಂಡರು’ ಎಂದು ಪಾಟೀಸವಾಲಿನಲ್ಲಿ ಒಪ್ಪಿಕೊಂಡಿದ್ದಾರೆಯೇ? ಮಚ್ಚು ಸಿಕ್ಕ ಜಾಗ ಎಲ್ಲರೂ ಓಡಾಡುವ ಬೇಲಿಯ ಪೊದೆಯೇ? ಸಿಕ್ಕ ವಸ್ತುವನ್ನು ಸ್ಥಳದಲ್ಲೇ ಮೊಹರು ಮಾಡಿದರೇ? ಮುದ್ದೆಮಾಲು (ವಶಪಡಿಸಿಕೊಂಡ ವಸ್ತು) ಠಾಣೆಯಲ್ಲಿ ಎಷ್ಟು ದಿನ ಬಿದ್ದಿತ್ತು, ಪ್ರಯೋಗಾಲಯಕ್ಕೆ ಯಾರು ಕೊಂಡೊಯ್ದರು? ಮಾನವ ರಕ್ತ ಎಂದಷ್ಟೇ ವರದಿ ಬಂದು ಗುಂಪು ತಿಳಿಯದೇ ಹೋದರೆ, ಆ ಕೊಂಡಿ ಅಷ್ಟರಮಟ್ಟಿಗೆ ಸಡಿಲ.

ಟಿವಿಯಲ್ಲೇ ತಪ್ಪೊಪ್ಪಿಕೊಂಡ ವಿಡಿಯೊ ಬಂದಿತ್ತಲ್ಲ?

ಪೊಲೀಸರ ವಶದಲ್ಲಿದ್ದಾಗ ಚಿತ್ರೀಕರಿಸಿದ ತಪ್ಪೊಪ್ಪಿಗೆ, ಕ್ಯಾಮೆರಾ ಇತ್ತು ಎಂಬ ಕಾರಣಕ್ಕೆ ಸಾಕ್ಷ್ಯವಾಗುವುದಿಲ್ಲ. ಕರ್ನಾಟಕದಿಂದ ಹೋದ ಎರಡು ಪ್ರಕರಣಗಳಲ್ಲಿ, ಅಂದರೆ ವೆಂಕಟೇಶ್ ಮತ್ತು ಮುನಿಕೃಷ್ಣ ತೀರ್ಪುಗಳಲ್ಲಿ, ಸುಪ್ರೀಂ ಕೋರ್ಟ್ 2022ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಅಂಥ ದೃಶ್ಯ ಟಿವಿ ಕಾರ್ಯಕ್ರಮದಲ್ಲಿ ಬಿತ್ತರವಾದದ್ದನ್ನು ಮೊದಲ ತೀರ್ಪಿನಲ್ಲಿ ಕಟುವಾಗಿ ಖಂಡಿಸಿದೆ. ಊರಿನವರ ಮುಂದೆ, ಗೆಳೆಯನ ಮುಂದೆ ಒಪ್ಪಿಕೊಂಡ ಎಂಬ ಸಾಕ್ಷ್ಯ ಬೇರೆ ಬಗೆಯದು. ಅದು ಒಳಗೆ ಬರುತ್ತದೆ, ಆದರೆ ದುರ್ಬಲ. ಅವನ ಹತ್ತಿರವೇ ಹೋಗಿ ಹೇಳಿಕೊಳ್ಳಲು ಆರೋಪಿಗೆ ಏನು ಕಾರಣವಿತ್ತು ಎಂಬ ಪ್ರಶ್ನೆಗೆ ಉತ್ತರ ಸಿಗಬೇಕು.

ಸಾವು ಮನೆಯೊಳಗೇ ಆಗಿದೆ. ಗಂಡನೇ ಉತ್ತರ ಕೊಡಬೇಕು ಎಂದರು. ಇದು ಸರಿಯೇ?

ಇದು ಕಷ್ಟದ ಪ್ರಶ್ನೆ, ಸುಳ್ಳು ಭರವಸೆ ಕೊಡಲಾರೆ. ನಾಲ್ಕು ಗೋಡೆಯೊಳಗೆ ಹೆಣ್ಣುಮಗಳೊಬ್ಬಳು ಸತ್ತಾಗ, ಆ ರಾತ್ರಿ ಜೊತೆಗಿದ್ದವನು ‘ನನಗೆ ಗೊತ್ತಿಲ್ಲ’ ಎಂದು ಕೂತರೆ ನ್ಯಾಯಾಲಯ ಒಪ್ಪುವುದಿಲ್ಲ. 2006ರ ತ್ರಿಮುಖ್ ಮಾರುತಿ ಕಿರ್ಕನ್ ತೀರ್ಪು ಇದನ್ನೇ ಹೇಳುತ್ತದೆ, ಅದಕ್ಕೆ ಬಲವಾದ ಕಾರಣವೂ ಇದೆ. ಆದರೆ ತನಗೆ ಮಾತ್ರ ಗೊತ್ತಿರುವ ಸಂಗತಿಯನ್ನು ಅವನೇ ಸಾಬೀತುಪಡಿಸಬೇಕೆನ್ನುವ ಸಾಕ್ಷ್ಯ ಕಾಯ್ದೆಯ ಹಳೆಯ ಕಲಂ 106, ಹೊಸ ಕಲಂ 109, ಪ್ರಾಸಿಕ್ಯೂಷನ್ ತನ್ನ ಹೊರೆಯನ್ನು ಆರೋಪಿಯ ಹೆಗಲಿಗೆ ದಾಟಿಸಲು ಇರುವ ಕಲಂ ಅಲ್ಲ. ಇದನ್ನು 1956ರ ಶಂಭುನಾಥ್ ಮೆಹ್ರಾ ತೀರ್ಪಿನಲ್ಲೇ ಹೇಳಿಯಾಗಿದೆ. ಅದು ಕೊಲೆಯೇ, ಆ ಹೊತ್ತಿಗೆ ಗಂಡ ಮನೆಯಲ್ಲಿದ್ದನೇ ಎಂಬುದನ್ನು ಮೊದಲು ಪ್ರಾಸಿಕ್ಯೂಷನ್ ಸಾಬೀತುಪಡಿಸಬೇಕು. ಅಷ್ಟಾಗದೆ ಆರೋಪಿಯ ಮೌನವನ್ನೇ ಕೊಂಡಿ ಮಾಡಿಕೊಂಡಿದ್ದರೆ ಮೇಲ್ಮನವಿಯಲ್ಲಿ ಹಿಡಿಯಬೇಕಾದ ಎಳೆ ಅದೇ.

ಮೊಬೈಲ್ ದಾಖಲೆ, ಸಿಸಿಟಿವಿ?

ಮೂಲ ಸಾಧನವನ್ನೇ ನ್ಯಾಯಾಲಯಕ್ಕೆ ತಂದಿಲ್ಲವಾದರೆ, ಆ ಪ್ರತಿ ಯಾವ ಸಾಧನದಿಂದ ಹೇಗೆ ಬಂತು ಎಂದು ಹೇಳುವ ಪ್ರಮಾಣಪತ್ರ ಕಡ್ಡಾಯ. ಸಾಕ್ಷ್ಯ ಕಾಯ್ದೆಯ ಹಳೆಯ ಕಲಂ 65ಬಿ, ಹೊಸದು 63. 2020ರ ಅರ್ಜುನ್ ಪಂಡಿತರಾವ್ ತೀರ್ಪು ಇದನ್ನು ಗಟ್ಟಿ ಮಾಡಿದೆ. ಟವರ್ ದಾಖಲೆ ಫೋನ್ ಯಾವ ಪ್ರದೇಶದಲ್ಲಿತ್ತು ಎಂದು ಹೇಳುತ್ತದೆ, ಯಾರ ಕೈಯಲ್ಲಿತ್ತು ಎಂದಲ್ಲ.

ಆರೋಪಿಯ ಹೇಳಿಕೆ ಬರೆದುಕೊಳ್ಳುವಾಗ ಎಲ್ಲದಕ್ಕೂ ‘ಸುಳ್ಳು’ ಎಂದಷ್ಟೇ ಹೇಳಿದ. ತಪ್ಪಾಯಿತೇ?

ತಪ್ಪಲ್ಲ, ಆದರೆ ಒಂದು ಅವಕಾಶ ಕೈಬಿಟ್ಟಂತೆ. ದಂಡ ಪ್ರಕ್ರಿಯಾ ಸಂಹಿತೆಯ ಕಲಂ 313, ಈಗ ನಾಗರಿಕ ಸುರಕ್ಷಾ ಸಂಹಿತೆಯ 351, ಇದರ ಕೆಳಗೆ ತನ್ನ ವಿರುದ್ಧ ಬಂದ ಪ್ರತಿಯೊಂದು ಸಂಗತಿಗೂ ವಿವರಣೆ ಕೊಡಲು ಆರೋಪಿಗೆ ಅವಕಾಶವಿದೆ. ಇದರ ಇನ್ನೊಂದು ಮುಖವನ್ನು ಹಲವರು ಗಮನಿಸುವುದಿಲ್ಲ: ನ್ಯಾಯಾಧೀಶರು ಯಾವ ಸಂಗತಿಯ ಬಗ್ಗೆ ಪ್ರಶ್ನೆಯನ್ನೇ ಕೇಳಲಿಲ್ಲವೋ ಅದನ್ನು ಅವನ ವಿರುದ್ಧ ಬಳಸಬಾರದು. ಸಾರ್ದಾ ತೀರ್ಪಿನಲ್ಲೇ ಇದೂ ಇದೆ. ಪ್ರಶ್ನಾವಳಿಯನ್ನೂ ತೀರ್ಪನ್ನೂ ಎದುರುಬದುರು ಇಟ್ಟು ಗುರುತು ಹಾಕಿ. ಕೊಟ್ಟ ವಿವರಣೆ ಸುಳ್ಳೆಂದು ತೋರಿದರೂ, ಉಳಿದ ಸರಪಳಿ ಪೂರ್ತಿಯಾಗಿದ್ದಾಗ ಮಾತ್ರ ಅದನ್ನು ಇನ್ನೊಂದು ಕೊಂಡಿಯಾಗಿ ಸೇರಿಸಿಕೊಳ್ಳಬಹುದು. ಕಡಿದ ಸರಪಳಿಗೆ ಬೆಸುಗೆಯಾಗಿ ಅದು ಬರುವುದಿಲ್ಲ.

ಸಾಕ್ಷಿಗಳು ಹೇಳಿದ್ದು ಕನ್ನಡದಲ್ಲಿ, ಹೈಕೋರ್ಟಿನಲ್ಲಿ ಎಲ್ಲ ಇಂಗ್ಲಿಷ್. ಏನಾದರೂ ವ್ಯತ್ಯಾಸವಾಗುತ್ತದೆಯೇ?

ಆಗುತ್ತದೆ. ಇದರ ಬಗ್ಗೆ ಯಾರೂ ಸಾಕಷ್ಟು ಮಾತಾಡುವುದಿಲ್ಲ ಎಂಬುದು ನನ್ನ ದೊಡ್ಡ ಕೊರಗು.

ಹಳ್ಳಿಯ ಸಾಕ್ಷಿ ಹೇಳುತ್ತಾನೆ: ‘ಅವತ್ತು ಸಂಜೆ ಇಬ್ರೂ ತೋಟದ ಕಡೆ ಹೋದ್ರಂತೆ.’ ಕೊನೆಯಲ್ಲಿರುವ ಆ ‘ಅಂತೆ’ಯಲ್ಲೇ ಎಲ್ಲ ಇದೆ. ಅವನು ನೋಡಿಲ್ಲ, ಯಾರೋ ಹೇಳಿದ್ದನ್ನು ಕೇಳಿದ್ದಾನೆ. ಇಂಗ್ಲಿಷಿಗೆ ಇಳಿಸುವಾಗ ಆ ಪ್ರತ್ಯಯ ಬಿದ್ದುಹೋದರೆ ‘ಇಬ್ಬರೂ ತೋಟದ ಕಡೆ ಹೋದರು’ ಎಂದಾಗುತ್ತದೆ. ಕೇಳಿದ ಮಾತು ಕಂಡ ಮಾತಾಗಿ, ಕೊನೆಯದಾಗಿ ಜೊತೆಯಲ್ಲಿ ನೋಡಿದ ಸಾಕ್ಷಿಯೊಬ್ಬ ಹೊಸದಾಗಿ ಹುಟ್ಟಿಕೊಳ್ಳುತ್ತಾನೆ. ಹಾಗೆಯೇ ‘ದೀಪ ಹಚ್ಚೋ ಹೊತ್ತು’ ಎಂದದ್ದು ‘ಸಂಜೆ 6.30’ ಆಗಿ ಅಚ್ಚಾಗುತ್ತದೆ. ಅವನ ಕೈಯಲ್ಲಿ ಗಡಿಯಾರವೇ ಇರಲಿಲ್ಲ, ಆದರೆ ವೈದ್ಯರು ಹೇಳಿದ ಸಾವಿನ ಸಮಯಕ್ಕೆ ಈಗ ನಿಮಿಷದ ಲೆಕ್ಕದಲ್ಲಿ ಹೊಂದಿಕೊಂಡಿದೆ. ‘ಅವನ ಥರಾ ಇದ್ದ’ ಎಂಬುದು ‘ಅವನೇ’ ಆಗಲು ಒಂದು ಪದ ಜಾರಿದರೆ ಸಾಕು.

ಆದ್ದರಿಂದ ಕನ್ನಡದಲ್ಲಿ ಬರೆದುಕೊಂಡ ಮೂಲ ಸಾಕ್ಷ್ಯದ ಪ್ರತಿಯನ್ನೇ ತರಿಸಿಕೊಳ್ಳಿ. ಮನೆಯಲ್ಲಿ ಓದು ಬಂದವರು ಅದನ್ನು ಗಟ್ಟಿಯಾಗಿ ಓದಲಿ, ವಕೀಲರು ಅನುವಾದ ಹಿಡಿದು ಕೂರಲಿ. ವ್ಯತ್ಯಾಸ ಕಂಡಲ್ಲಿ ಮೂಲದ ಪುಟ, ಸಾಲು ಗುರುತು ಮಾಡಿ ಪೀಠದ ಗಮನಕ್ಕೆ ತರಬಹುದು. ಕಾನೂನು ಓದದ ಮನೆಯವರೂ ಇದರಲ್ಲಿ ನಿಜವಾದ ಸಹಾಯ ಮಾಡಬಲ್ಲರು. ಆ ಊರಿನ ಮಾತು ಅವರಿಗೆ ಗೊತ್ತಿರುವಷ್ಟು ಬೆಂಗಳೂರಿನ ವಕೀಲರಿಗೆ ಗೊತ್ತಿರುವುದಿಲ್ಲ.

ಉದ್ದೇಶವೇ ಇರಲಿಲ್ಲ, ಅರ್ಧ ಸಾಕ್ಷಿಗಳು ಉಲ್ಟಾ ಹೊಡೆದರು. ಇಷ್ಟು ಸಾಲದೇ?

ಎರಡೂ ನೆರವಿಗೆ ಬರುತ್ತವೆ, ಎರಡೂ ತಾವಾಗಿಯೇ ಗೆಲ್ಲಿಸುವುದಿಲ್ಲ. ಕಂಡ ಸಾಕ್ಷಿ ಇಲ್ಲದಾಗ ಉದ್ದೇಶಕ್ಕೆ, ಅಂದರೆ ಕೊಲ್ಲಲು ಇದ್ದ ಕಾರಣಕ್ಕೆ, ಹೆಚ್ಚು ತೂಕ, ಆದರೆ ಉಳಿದದ್ದೆಲ್ಲ ಗಟ್ಟಿಯಾಗಿದ್ದರೆ ಉದ್ದೇಶ ಸಾಬೀತಾಗದಿದ್ದರೂ ಶಿಕ್ಷೆ ನಿಲ್ಲಬಹುದು. ಪ್ರತಿಕೂಲ ಸಾಕ್ಷಿಯ ಮಾತಿನಲ್ಲೂ ನಂಬಬಹುದಾದ ಭಾಗವನ್ನು ನ್ಯಾಯಾಲಯ ತೆಗೆದುಕೊಳ್ಳುತ್ತದೆ.

ಮೇಲ್ಮನವಿ ಮುಗಿಯುವ ತನಕ ಜಾಮೀನು ಸಿಗುತ್ತದೆಯೇ?

ಇದಕ್ಕೆ ಶಿಕ್ಷೆಯ ಅಮಾನತು ಎನ್ನುತ್ತಾರೆ. ಹಳೆಯ ಕಲಂ 389, ಹೊಸದು 430. ಕೊಲೆ ಪ್ರಕರಣದಲ್ಲಿ ಸರ್ಕಾರಿ ಅಭಿಯೋಜಕರಿಗೆ ಆಕ್ಷೇಪ ಸಲ್ಲಿಸಲು ಅವಕಾಶ ಕೊಟ್ಟ ಮೇಲೆಯೇ ಆದೇಶ. ವಿಚಾರಣೆಯ ಕಾಲದ ಜಾಮೀನಿಗಿಂತ ಇದು ಕಷ್ಟ, ಯಾಕೆಂದರೆ ನಿರಪರಾಧಿ ಎಂಬ ಪೂರ್ವಭಾವನೆ ಶಿಕ್ಷೆಯೊಂದಿಗೆ ಹೋಗಿರುತ್ತದೆ. ತೀರ್ಪಿನಲ್ಲಿ ಮೇಲ್ನೋಟಕ್ಕೇ ಕಾಣುವ ದೋಷವನ್ನು ತೋರಿಸಬೇಕು. ಬೇಗ ವಿಚಾರಣೆಗೆ ಬರುವ ಸಂಭವವಿಲ್ಲದ ಮೇಲ್ಮನವಿಗಾಗಿ ಮನುಷ್ಯನನ್ನು ವರ್ಷಗಟ್ಟಲೆ ಒಳಗಿಡುವುದು ನ್ಯಾಯವಲ್ಲ ಎಂದು ಸುಪ್ರೀಂ ಕೋರ್ಟ್ 1977ರ ಕಶ್ಮೀರಾ ಸಿಂಗ್ ಪ್ರಕರಣದಲ್ಲೇ ಹೇಳಿದೆ. ಮೊದಲ ಅರ್ಜಿ ತಿರಸ್ಕೃತವಾದರೆ, ಕಾಲ ಸರಿದ ಮೇಲೆ ಮತ್ತೆ ಹಾಕಬಹುದು.

ಹೈಕೋರ್ಟ್ ಶಿಕ್ಷೆಯನ್ನು ಇನ್ನೂ ಹೆಚ್ಚಿಸಿಬಿಟ್ಟರೆ? ಹೊಸ ಸಾಕ್ಷಿ ಕೊಡಬಹುದೇ?

ನೀವು ಹಾಕಿದ ಮೇಲ್ಮನವಿಯಲ್ಲಿ ಶಿಕ್ಷೆ ಹೆಚ್ಚಿಸುವ ಅಧಿಕಾರ ಅದಕ್ಕಿಲ್ಲ. ಅದಕ್ಕೆ ಸರ್ಕಾರವೇ ಬೇರೆ ಮೇಲ್ಮನವಿ ಹಾಕಬೇಕು ಅಥವಾ ಹೈಕೋರ್ಟ್ ನೋಟಿಸು ಕೊಟ್ಟು ಬೇರೆ ಅಧಿಕಾರ ಬಳಸಬೇಕು. ಇಬ್ಬರು ನ್ಯಾಯಮೂರ್ತಿಗಳ ಪೀಠ ಇಡೀ ಸಾಕ್ಷ್ಯವನ್ನು ಮತ್ತೆ ತೂಗಿ ನೋಡುತ್ತದೆ. ಖುಲಾಸೆ ಮಾಡಬಹುದು, ಕೊಲೆಯನ್ನು ಕೊಲೆಯಲ್ಲದ ನರಹತ್ಯೆಗೆ ಇಳಿಸಬಹುದು, ಮರುವಿಚಾರಣೆಗೆ ಕಳಿಸಬಹುದು. ಇಬ್ಬರಲ್ಲಿ ಒಮ್ಮತ ಬರದಿದ್ದರೆ ಮೂರನೆಯ ನ್ಯಾಯಮೂರ್ತಿಗೆ ಹೋಗುತ್ತದೆ. ಹೆಚ್ಚುವರಿ ಸಾಕ್ಷ್ಯಕ್ಕೆ ಕಲಂ 391, ಈಗ 432, ಅವಕಾಶ ಕೊಡುತ್ತದೆ, ಆದರೆ ನ್ಯಾಯಕ್ಕೆ ಅದು ಬೇಕೇಬೇಕೆಂದು ಪೀಠಕ್ಕೆ ಅನಿಸಬೇಕು.

ಹೈಕೋರ್ಟಿನಲ್ಲೂ ಸೋತರೆ?

90 ದಿನದೊಳಗೆ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ. ಇಲ್ಲಿ ಹಕ್ಕಿಲ್ಲ, ಅನುಮತಿ ಸಿಗಬೇಕು. ಆದರೆ ಕೆಳಗೆ ಖುಲಾಸೆಯಾಗಿ, ಹೈಕೋರ್ಟ್ ಅದನ್ನು ತಿರುಗಿಸಿ ಜೀವಾವಧಿ ಕೊಟ್ಟಿದ್ದರೆ ಸುಪ್ರೀಂ ಕೋರ್ಟಿಗೆ ಹೋಗುವುದು ಹಕ್ಕೇ. ಹಳೆಯ ಕಲಂ 379, ಹೊಸದು 420. ಈ ವ್ಯತ್ಯಾಸ ಗೊತ್ತಿಲ್ಲದೆ ಸುಮ್ಮನೆ ಕೂತವರಿದ್ದಾರೆ.

ಎಲ್ಲರೂ ಬಿಡುಗಡೆಯಾಗುತ್ತಾರೆ ಎಂದು ಭಾವಿಸಬೇಡಿ. 2003ರಲ್ಲಿ ಬೆಂಗಳೂರಿನ ವರ್ತುಲ ರಸ್ತೆಯಲ್ಲಿ ನಡೆದ ಕೊಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಜೊತೆಗೆ, ರಾಜ್ಯಪಾಲರಲ್ಲಿ ಕ್ಷಮೆ ಕೋರಲು ಅಪರಾಧಿಗಳಿಗೆ ಕಾಲಾವಕಾಶವನ್ನೂ ಕೊಟ್ಟಿತು. ಸರಪಳಿ ಗಟ್ಟಿಯಿದ್ದರೆ ಅದು ಮೇಲಿನ ನ್ಯಾಯಾಲಯದಲ್ಲೂ ಗಟ್ಟಿಯೇ.

ಮೇಲ್ಮನವಿ ಬಾಕಿ ಇರುವಾಗಲೇ ಅವರು ತೀರಿಕೊಂಡರೆ?

ಮೇಲ್ಮನವಿ ಅಲ್ಲಿಗೆ ಮುಗಿಯುತ್ತದೆ. ಆದರೆ ತಂದೆ-ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು, ಮೊಮ್ಮಕ್ಕಳು, ಒಡಹುಟ್ಟಿದವರು 30 ದಿನದೊಳಗೆ ಅನುಮತಿ ಕೇಳಿ ಮುಂದುವರಿಸಬಹುದು. ಸತ್ತವನ ಹೆಸರಿಗೆ ಅಂಟಿದ ಕೊಲೆಗಾರನೆಂಬ ಮಾತನ್ನು ತೊಳೆಯಲು ಹಾಗೆ ಬಂದವರಿದ್ದಾರೆ.

ವಕೀಲರನ್ನು ಮೊದಲ ಸಲ ನೋಡಲು ಹೋಗುವಾಗ ಏನೇನು ಒಯ್ಯಬೇಕು?

ತೀರ್ಪಿನ ಪ್ರತಿ, ಆರೋಪ ಪಟ್ಟಿ, ಎಲ್ಲ ಸಾಕ್ಷಿಗಳ ಹೇಳಿಕೆ ಮತ್ತು ಪಾಟೀಸವಾಲು, ಮಹಜರುಗಳು, ಮರಣೋತ್ತರ ವರದಿ, ಪ್ರಯೋಗಾಲಯದ ವರದಿ, 313ರ ಪ್ರಶ್ನಾವಳಿ, ಎಷ್ಟು ದಿನ ಜೈಲಿನಲ್ಲಿ ಕಳೆದಿದೆ ಎಂಬ ಲೆಕ್ಕ. ಎಲ್ಲ ಸಿಗದಿದ್ದರೂ ಸಿಕ್ಕಷ್ಟು ಹಿಡಿದು 60 ದಿನ ತುಂಬುವ ಮೊದಲು ಹೋಗಿ. ಜೊತೆಗೆ ಒಂದು ಹಾಳೆಯಲ್ಲಿ ದಿನಾಂಕಗಳನ್ನು ಕ್ರಮವಾಗಿ ಬರೆದುಕೊಳ್ಳಿ: ಕೊನೆಯದಾಗಿ ಕಂಡದ್ದು, ಹೆಣ ಸಿಕ್ಕಿದ್ದು, ದೂರು ಕೊಟ್ಟದ್ದು, ಬಂಧಿಸಿದ್ದು, ವಸ್ತು ವಶಪಡಿಸಿಕೊಂಡದ್ದು, ಪ್ರತಿ ಸಾಕ್ಷಿ ಮೊದಲು ಬಾಯಿ ಬಿಟ್ಟದ್ದು. ಪೊಲೀಸ್ ದಾಖಲೆಯ ಬಂಧನದ ದಿನಾಂಕಕ್ಕೂ ನಿಜವಾಗಿ ಮನೆಯಿಂದ ಕರೆದೊಯ್ದ ದಿನಕ್ಕೂ ವ್ಯತ್ಯಾಸವಿದ್ದರೆ ಅದನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆಯಿರಿ, ವಶಪಡಿಸಿಕೊಂಡ ದಿನಾಂಕದ ಪಕ್ಕದಲ್ಲೇ.